ವಾಗ್ದಾನವೂ ಬೊಕ್ಕಸವೂ

ಸರ್ಕಾರದವರು ಕೊಟ್ಟ ಮಾತು ಸಾಲಪತ್ರಕ್ಕೆ ಸಮಾನವಾದುದು. ಸಾಲಪತ್ರಕ್ಕಾದರೋ ಅಸಲು ಬಡ್ಡಿಗಳ ಲೆಕ್ಕವುಂಟು. ಮಾತಿಗೆ ಲೆಕ್ಕವನ್ನಿಡುವ ಪದ್ಧತಿಯು ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

2006 ರ ಏಪ್ರಿಲ್ 1 ಕ್ಕೆ ಮೊದಲು ಸೇವೆಗೆ ಸೇರಿದ ಉಪಾಧ್ಯಾಯರಿಗೆ ನಿಶ್ಚಿತವಾದ ವಿಶ್ರಾಂತಿ ವೇತನವುಂಟು; ಕೆಲವರ ಹೊರತು, ಅನಂತರ ಸೇರಿದವರಿಗೆ ಅದಿಲ್ಲ. ನೆಲಮಂಗಲದ ಒಂದೇ ಶಾಲೆಯಲ್ಲಿ ಪಾಠ ಹೇಳುವ ಇಬ್ಬರ ಮುಪ್ಪು ಹೀಗೆ ಎರಡು ಬಗೆಯಾಗಬಹುದು. 2022 ರ ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಉದ್ಯಾನದಲ್ಲಿ ನೆರೆದ ನೌಕರರ ವ್ಯಥೆಯನ್ನು ನಾವು ಅಲ್ಲಗಳೆಯುವವರಲ್ಲ. ವಿಶ್ರಾಂತಿ ವೇತನವು ಭಿಕ್ಷೆಯಲ್ಲ, ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1982 ರಲ್ಲಿಯೇ ನಕಾರಾ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ.

ಆದರೆ ಹಣವೆಲ್ಲಿ? ಹೊಸ ಪದ್ಧತಿಯಲ್ಲಿ ನೌಕರನು ನೂರಕ್ಕೆ 10 ನ್ನೂ ಸರ್ಕಾರವು 14 ನ್ನೂ ತಿಂಗಳು ತಿಂಗಳೂ ಕೂಡಿಡುವುವು. ಫಲವು ಪೇಟೆಯ ಏರಿಳಿತಕ್ಕೆ ಅಧೀನ. ಹಳೆಯದರಲ್ಲಿ ಫಲವು ನಿಶ್ಚಿತ. ಅದಕ್ಕೆಂದು ಕೂಡಿಟ್ಟ ಗಂಟು ಮಾತ್ರ ಇಲ್ಲ. ಇಂದಿನ ನಿವೃತ್ತರಿಗೆ ಇಂದಿನ ತೆರಿಗೆಯಿಂದಲೂ, ನಾಳಿನವರಿಗೆ ನಮ್ಮ ಮಕ್ಕಳ ತೆರಿಗೆಯಿಂದಲೂ ಕೊಡತಕ್ಕದ್ದು. 2024–25 ರ ಆಯವ್ಯಯದಲ್ಲಿ ಈ ಬಾಬು 30 ಸಾವಿರ ಕೋಟಿ ರೂಪಾಯಿಗಳನ್ನು ಮೀರಿದ್ದಿತು.

ಆ ತೆರಿಗೆಯನ್ನು ತೆರುವವರಾರು? ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನಲ್ಲಿಯೇ ಆಯುಸ್ಸನ್ನು ಸವೆಸಿದ ಬಡ ನೇಕಾರನೂ ಅವರಲ್ಲೊಬ್ಬನು. 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ಅವನಿಗೆ ದೊರೆಯತಕ್ಕದ್ದು ತಿಂಗಳಿಗೆ 1,200 ರೂಪಾಯಿ! ಒಬ್ಬರ ಮುಪ್ಪಿಗೆ ಆಸರೆಯಾಗಲು ಇನ್ನೊಬ್ಬರ ಮುಪ್ಪನ್ನು ಮರೆಯುವುದು ನ್ಯಾಯವಾಗಲಾರದು.

ಮುಂದಿನ ಹೊಣೆಗೆ ಇಂದೇ ಕೂಡಿಡುವುದು ಈ ನಾಡಿಗೆ ಹೊಸದಲ್ಲ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ 1891 ರಲ್ಲಿಯೇ ಮೈಸೂರು ಸಂಸ್ಥಾನವು ತನ್ನ ನೌಕರರಿಗೆ ವಿಮೆಯನ್ನೇರ್ಪಡಿಸಿತು. ಸಂಬಳದಿಂದ ಕಂತು ಹಿಡಿಯುವ ಆ ಇಲಾಖೆಯು ಇಂದಿಗೂ ನಿಂತಿದೆ. ವೈದ್ಯ ಸಹಾಯದಲ್ಲಿಯೂ, 2003 ರಲ್ಲಿ ಜಾರಿಗೆ ಬಂದ ಯಶಸ್ವಿನಿಯಲ್ಲಿ ಸಹಕಾರ ಸಂಘಗಳ ರೈತರು ವರ್ಷಕ್ಕೆ 60 ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆಯ ಭರವಸೆಯನ್ನು ಪಡೆದರು. 2018 ರಲ್ಲಿ ಅದನ್ನು ಬೇರೊಂದು ಯೋಜನೆಯಲ್ಲಿ ಕರಗಿಸಿ, 2022 ರಲ್ಲಿ ಮರಳಿ ಎಬ್ಬಿಸಿದರು. ಭದ್ರವಾದ ನಿಧಿಯಿಲ್ಲದ ಭರವಸೆಯು ಸರ್ಕಾರದ ಮನಸ್ಸಿನೊಡನೆ ಬದಲಾಗುವುದು.

ಆದುದರಿಂದ, ಹಳೆಯ ಪದ್ಧತಿಯನ್ನು ಮರಳಿ ತರುವುದಾದರೆ, ಮುಂದಿನ 30 ವರ್ಷಗಳ ಹೊಣೆಯೆಷ್ಟೆಂಬುದನ್ನು ಮೊದಲು ಶಾಸನ ಸಭೆಯ ಮುಂದಿಡಲಿ. ಅದಕ್ಕೆ ತಕ್ಕ ನಿಧಿಯನ್ನು ಬೇರೆಯಾಗಿ ಕಟ್ಟಲಿ. ತರಲಾಗದಿದ್ದರೆ ನೌಕರರಿಗೆ ಅದನ್ನು ನೇರವಾಗಿ ತಿಳಿಸಿ, ಹೊಸದರಲ್ಲಿಯೇ ಕನಿಷ್ಠ ವೇತನದ ಭರವಸೆಯನ್ನು ಕೊಡಲಿ. ಚುನಾವಣೆಯಿಂದ ಚುನಾವಣೆಗೆ ಆಸೆ ತೋರಿಸುತ್ತ ಕಾಲ ತಳ್ಳುವುದು ಪ್ರಜಾರಾಜ್ಯಕ್ಕೆ ತಕ್ಕುದಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬುದು ಮನೆಗೆ ಮಾತ್ರವಲ್ಲ, ನಾಡಿಗೂ ಸಲ್ಲುವ ನೀತಿ.