ಭೀಮಕವಿಯ ಕಥೆ, ಗವಾಯಿಯ ಕಂಠ

ಶ್ರಾವಣ ಮಾಸವು ಸಮೀಪಿಸಿತೆಂದರೆ ಭೀಮೆಗೂ ಕೃಷ್ಣೆಗೂ ನಡುವಿನ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆಯು ಮಳೆಯನ್ನು ಕುರಿತದ್ದಾದರೆ, ಎರಡನೆಯದು ‘ಈ ವರ್ಷ ಮಠದಾಗ ಯಾವ ಪುರಾಣ ಹಚ್ಯಾರ?’ ಎಂಬುದು, ಅದರ ಬೆನ್ನಿಗೇ ಬರುವ ಮೂರನೆಯದು, ‘ಗವಾಯಿಗಳು ಯಾರು?’ ಎಂಬುದು. ಮುಂಗಾರಿನ ತೊಗರಿಯ ಸಾಲುಗಳಲ್ಲಿ ಎಡೆ ಹೊಡೆದು ದಣಿದು ಬಂದ ಒಕ್ಕಲಿಗನು, ಮುಖ ತೊಳೆದು, ರೊಟ್ಟಿ ತಿಂದು, ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಮಠದ ಪೌಳಿಯಲ್ಲಿ ಬಂದು ಕೂಡುವುದು ಶಾಸ್ತ್ರಿಗಳ ಅರ್ಥಕ್ಕಾಗಿಯೋ ಪೇಟಿಯ ಸ್ವರಕ್ಕಾಗಿಯೋ ಎಂದು ವಿಂಗಡಿಸಿ ಕೇಳಿದರೆ ಅವನು ಉತ್ತರ ಹೇಳಲಾರನು. ಆ ವಿಂಗಡಣೆಯು ಅವನಿಗೆ ಅಪರಿಚಿತವಾದುದು. ಅದನ್ನು ಅವನಿಗೆ ಪರಿಚಯ ಮಾಡಿಕೊಡುವ ಕೆಲಸಕ್ಕೆ ಈಚೆಗೆ ನಾವು ಕೈಹಚ್ಚಿದ್ದೇವೆಂಬ ಆತಂಕವೇ ಈ ಬರಹಕ್ಕೆ ಕಾರಣ.

ಶ್ರಾವಣದಲ್ಲಿ ಹಚ್ಚುವ ಪುರಾಣಗಳು ಹಲವು. ಚಾಮರಸನ ಪ್ರಭುಲಿಂಗಲೀಲೆಯುಂಟು, 1584ರಲ್ಲಿ ವಿರೂಪಾಕ್ಷ ಪಂಡಿತನು ಬರೆದ ಚೆನ್ನಬಸವಪುರಾಣವುಂಟು, ಅರ್ವಾಚೀನ ಕಾಲದ ಶಿವಯೋಗಿಗಳ ಪುರಾಣಗಳೂ ಉಂಟು. ಆದರೆ ಈ ನಾಲ್ಕು ತಾಲ್ಲೂಕುಗಳಿಗೂ ತಮ್ಮ ಮನೆಯ ಕಥೆಯೆಂಬಷ್ಟು ಸಲಿಗೆಯುಳ್ಳ ಗ್ರಂಥವೆಂದರೆ 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವೇ ಸರಿ. ತೆಲುಗಿನ ಪಾಲ್ಕುರಿಕೆ ಸೋಮನಾಥನು ಪಂಡಿತರ ಚಂಪೂಮಾರ್ಗವನ್ನು ಬಿಟ್ಟು, ಜನರ ಬಾಯಿಗೆ ಒಗ್ಗುವ ದ್ವಿಪದಿಯಲ್ಲಿ ಹಾಡಿದ ಬಸವಚರಿತವನ್ನು ಭೀಮಕವಿಯು ಕನ್ನಡಕ್ಕೆ ತಂದಾಗ, ಆ ಕಥೆಯು ಪರಭಾಷೆಯಿಂದ ಬಂದಂತಾಗದೆ, ತವರಿಗೆ ಮರಳಿದಂತಾಯಿತು. ಏಕೆಂದರೆ ಅದರ ನಾಯಕನು ಹುಟ್ಟಿದುದು ಬಾಗೇವಾಡಿಯಲ್ಲಿ. ಶಿವಭಕ್ತರ ಬಟ್ಟೆಯ ಹೊರತು ಬೇರೆಯವರ ಬಟ್ಟೆಯನ್ನು ಮುಟ್ಟದ ಮಡಿವಾಳ ಮಾಚಿದೇವನ ಊರು ಸಿಂದಗಿ ಸೀಮೆಯ ದೇವರಹಿಪ್ಪರಗಿ. ಕುರಿಯ ಹಿಕ್ಕೆಯಲ್ಲಿ ಲಿಂಗವನ್ನು ಕಂಡ ಗೊಲ್ಲಾಳನ ಗುಡಿಯಿರುವುದು ಅದೇ ಸೀಮೆಯ ಗೋಲಗೇರಿಯಲ್ಲಿ. ಹಡಪದ ಅಪ್ಪಣ್ಣನು ಹುಟ್ಟಿದ ಮಸಬಿನಾಳವು ಬಾಗೇವಾಡಿಗೆ ಸೇರಿದರೆ, ಅವನೂ ನೀಲಮ್ಮನೂ ಐಕ್ಯರಾದರೆಂದು ಜನ ನಂಬಿರುವ ಕೃಷ್ಣಾತೀರದ ತಂಗಡಗಿಯು ಮುದ್ದೇಬಿಹಾಳಕ್ಕೆ ಸೇರಿದೆ. ಕೇಳುವವನು ತನ್ನ ಹೊಲದ ಬದುವಿನಾಚೆಯ ಊರಿನ ಹೆಸರನ್ನು ಕಾವ್ಯದ ಸಂದರ್ಭದಲ್ಲಿ ಕೇಳಿದಾಗ ಅವನ ಬೆನ್ನು ನೆಟ್ಟಗಾಗುವುದು ಸಹಜವಲ್ಲವೆ?

ಆದರೆ ಭೂಗೋಳದ ಈ ಸಲಿಗೆಯೊಂದೇ ಆರುನೂರೈವತ್ತು ವರ್ಷಗಳಿಗೆ ಸಾಲುವಂಥದಲ್ಲ. ಭೀಮಕವಿಯು ಆರಿಸಿಕೊಂಡ ಛಂದಸ್ಸಿನಲ್ಲಿ ಗವಾಯಿಗೊಂದು ಆಸನವನ್ನು ಅವನು ಮೊದಲೇ ಹಾಸಿಟ್ಟಿದ್ದನು. ವಾರ್ಧಕ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳಿದ್ದು, ಒಟ್ಟು ಇಪ್ಪತ್ತು ಮಾತ್ರೆಗಳಾಗುತ್ತವೆ. ಹತ್ತು ಮಾತ್ರೆಯ ಝಪತಾಲದಲ್ಲಿ ತಬಲಾದವನು ಎರಡು ಆವರ್ತನ ಮುಗಿಸುವಷ್ಟರಲ್ಲಿ ಗವಾಯಿಯ ಒಂದು ಪಾದವು ಮುಗಿದು ಸಮಕ್ಕೆ ಬಂದು ನಿಲ್ಲುತ್ತದೆ. ಮೂರನೆಯ ಮತ್ತು ಆರನೆಯ ಪಾದಗಳು ಆರು ಗಣಗಳಿಗೆ ಬೆಳೆದು, ಮೇಲೊಂದು ಗುರುವನ್ನು ಪಡೆದು ನೀಳವಾಗುವಲ್ಲಿ ಗಾಯಕನು ತಾಳದ ಹಂಗನ್ನು ಸಡಿಲಿಸಿ ಆಲಾಪಕ್ಕೆ ಎಡೆ ಮಾಡಿಕೊಳ್ಳಬಹುದು. ಚಾಮರಸನ ಭಾಮಿನಿಯಲ್ಲಾದರೋ ಮೂರು ನಾಲ್ಕರ ನಡೆ. ಅದು ಏಳು ಮಾತ್ರೆಯ ರೂಪಕಕ್ಕೆ ತಾನಾಗಿಯೇ ಹೊಂದುತ್ತದೆ. ಹಿಂದುಸ್ಥಾನಿಯ ಝಪತಾಲವನ್ನಾಗಲಿ ರೂಪಕವನ್ನಾಗಲಿ ಆ ಕವಿಗಳು ಲೆಕ್ಕಹಾಕಿ ಬರೆದರೆಂದು ನಾನು ವಾದಿಸುತ್ತಿಲ್ಲ. ಕಿವಿಯಿದ್ದ ಕವಿಗೂ ಕಿವಿಯಿದ್ದ ಗಾಯಕನಿಗೂ ನಡುವೆ ಶತಮಾನಗಳ ಅಂತರವು ಅಡ್ಡಬರುವುದಿಲ್ಲವೆಂಬುದಷ್ಟೇ ನನ್ನ ಅಭಿಪ್ರಾಯ. ಹಳೆಯ ಮೈಸೂರಿನ ಕಡೆ ಕುಮಾರವ್ಯಾಸನನ್ನು ಗಮಕಿಗಳು ತಾಳವಿಲ್ಲದೆ ರಾಗದಲ್ಲಿ ವಾಚಿಸುವರು. ಅದರ ಘನತೆಯೇ ಬೇರೆ. ನಮ್ಮ ಕಡೆಯ ಪುರಾಣಕ್ಕೆ ಪೇಟಿಯೂ ತಬಲಾವೂ ಬೇಕು, ನಡುನಡುವೆ ತಲೆದೂಗುವ ಮುದುಕರೂ ಬೇಕು.

ಬಸವಪುರಾಣದಲ್ಲಿ ಗವಾಯಿಗಳೆಲ್ಲ ತಮ್ಮ ಕುಲದವನೆಂದು ಮಮತೆಯಿಂದ ಹಾಡುವ ಒಬ್ಬ ಶರಣನಿದ್ದಾನೆ, ಕಿನ್ನರಿ ಬೊಮ್ಮಯ್ಯ. ಸೋಮನಾಥನಿಂದ ಹರಿದುಬಂದ ಅವನ ಕಥೆಯನ್ನು ಬಲ್ಲವರು ಬಲ್ಲರು: ಕಿನ್ನರಿಯನ್ನು ನುಡಿಸುತ್ತ ಶಿವನನ್ನು ಹಾಡುವ ಈ ಭಕ್ತನು ಉಳ್ಳಾಗಡ್ಡಿಯನ್ನು ತಂದಿರಲು, ಬಸವಣ್ಣನು ಅದರ ವಾಸನೆಗೆ ಮೂಗು ಮುರಿಯುತ್ತಾನೆ, ಬೊಮ್ಮಯ್ಯನಿಗೆ ನೋವಾಗುತ್ತದೆ, ಅವನು ಮುನಿದು ಹೊರಟುಬಿಡುತ್ತಾನೆ, ತನ್ನ ತಪ್ಪನ್ನರಿತ ದಂಡನಾಯಕನು, ಭಕ್ತನು ಮುಟ್ಟಿದುದರಲ್ಲಿ ಹೀನವಾದುದು ಯಾವುದೂ ಇಲ್ಲವೆಂದು ಲೋಕಕ್ಕೆ ತೋರಲು, ಆ ಉಳ್ಳಾಗಡ್ಡಿಗೇ ಉತ್ಸವವನ್ನು ಮಾಡಿಸುತ್ತಾನೆ. ಬಾಗೇವಾಡಿಯ ಸುತ್ತಿನ ಹೊಲಗಳಲ್ಲಿ ಉಳ್ಳಾಗಡ್ಡಿಯನ್ನೇ ಬೆಳೆದು, ಅದರ ದರ ಬಿದ್ದ ವರ್ಷ ತಲೆಯ ಮೇಲೆ ಕೈಹೊತ್ತು ಕೂಡುವ ರೈತರ ಎದುರಿನಲ್ಲಿ ಈ ಕಥೆಯನ್ನು ಹಾಡಿದರೆ ಏನಾಗುವುದೆಂಬುದನ್ನು ಯಾವ ವಿಮರ್ಶಕನೂ ವಿವರಿಸಬೇಕಾಗಿಲ್ಲ. ಮಂತ್ರಿಯೊಬ್ಬನು ಗಾಯಕನೊಬ್ಬನ ಕ್ಷಮೆಯನ್ನು ಬೇಡಿದುದು, ಅದೂ ಅವನ ಅಡುಗೆಮನೆಯ ಒಂದು ಗಡ್ಡೆಯ ನಿಮಿತ್ತವಾಗಿ! ಈ ಪ್ರಸಂಗ ಬಂದ ದಿನ ಬಡ ಗವಾಯಿಯ ಕಂಠದಲ್ಲಿ ಕಾಣುವ ಕಸುವು ರಾಗದ ಅಭ್ಯಾಸದಿಂದ ಮಾತ್ರ ಬಂದುದಲ್ಲ.

ಇನ್ನು ಬಸವಜನನದ ದಿನದ ಸಂಭ್ರಮವನ್ನು ನೋಡಬೇಕು. ಮಾದರಸ ಮಾದಲಾಂಬೆಯರ ಮನೆಯಲ್ಲಿ ಶಿಶುವು ಅವತರಿಸುವ ಸಂಧಿಗೆ ಕಥೆಯು ಬಂದ ಸಂಜೆ ಮಠದಲ್ಲಿ ತೊಟ್ಟಿಲು ಕಟ್ಟುತ್ತಾರೆ. ಮುತ್ತೈದೆಯರು ಹೂವು, ಖಣ, ಗುಗ್ಗರಿಗಳೊಡನೆ ಬಂದು ತೂಗುತ್ತಾರೆ. ಅಷ್ಟು ಹೊತ್ತು ಸಭೆಯನ್ನು ಆಳಿದ ಶಾಸ್ತ್ರಿಯೂ ಗವಾಯಿಯೂ ಸುಮ್ಮನಾಗಿ, ಹಾಡುವ ಅಧಿಕಾರವು ಹೆಂಗಸರ ವಶವಾಗುತ್ತದೆ. ಅವರು ಹಾಡುವ ಜೋಗುಳವು ಭೀಮಕವಿಯದಲ್ಲ, ಮನೆಯಲ್ಲಿ ತಾಯಿಂದ ಮಗಳಿಗೆ ಬಂದುದು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು, ಇಂಥ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ ತ್ರಿಪದಿಗಳನ್ನು ಓದಿ ನಾಡಿನ ವಿದ್ವಾಂಸರು ಬೆರಗಾದರು. ಶಿಷ್ಟಕವಿಯ ಷಟ್ಪದಿ ಮತ್ತು ಬೀಸುಕಲ್ಲಿನ ತ್ರಿಪದಿ ಇವೆರಡೂ ಒಂದೇ ತೊಟ್ಟಿಲಿನ ಎರಡು ಹಗ್ಗಗಳಾಗಿ ನಿಲ್ಲುವ ಇಂಥ ಸಂಜೆಗಳನ್ನು ಗ್ರಂಥಾಲಯದಲ್ಲಿ ಕುಳಿತವರು ಊಹಿಸಲಾರರು. ಹಲಸಂಗಿಯವರು ಊಹಿಸಬಲ್ಲವರಾಗಿದ್ದರು, ಅವರ ಕೆಲಸದ ಮಹತ್ತ್ವವಿರುವುದೂ ಅಲ್ಲಿಯೇ.

ಗವಾಯಿಗಳೆಂಬವರು ಎಲ್ಲಿಂದ ಬಂದರೆಂಬುದನ್ನೂ ಒಂದಿಷ್ಟು ನೆನೆಯಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದು, ಕರ್ನಾಟಕ ಹಿಂದುಸ್ಥಾನಿಗಳೆರಡರಲ್ಲಿಯೂ ಪ್ರಾವೀಣ್ಯವನ್ನು ಪಡೆದ ಪಂಚಾಕ್ಷರ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಗದುಗಿನಲ್ಲಿ ನೆಲೆಗೊಳಿಸಿದ ವೀರೇಶ್ವರ ಪುಣ್ಯಾಶ್ರಮವು ಇಲ್ಲದಿದ್ದರೆ, ಉತ್ತರ ಕರ್ನಾಟಕದ ಹಳ್ಳಿಯ ಮಠಗಳಲ್ಲಿ ಪೇಟಿಯ ಮುಂದೆ ಕೂಡುವವರೇ ಇರುತ್ತಿರಲಿಲ್ಲ. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳು, 2010ರಲ್ಲಿ ಅಸ್ತಂಗತರಾಗುವವರೆಗೆ, ತಾವು ಹಾಡಿದ್ದಷ್ಟೇ ಅಲ್ಲದೆ ಸ್ವತಃ ಪುರಾಣಗಳನ್ನೂ ನಾಟಕಗಳನ್ನೂ ಬರೆದರು. ಕಣ್ಣಿಲ್ಲದ ಸಂಗೀತಗಾರನು ಕಾವ್ಯಕರ್ತನೂ ಆದನು. ಪಂಚಾಕ್ಷರಿಗಳ ಶಿಷ್ಯರಾದ ಬಸವರಾಜ ರಾಜಗುರು ಅವರು ದೇಶದ ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿ ಕೀರ್ತಿವಂತರಾದರು. ಆದರೆ ಅದೇ ಆಶ್ರಮದಲ್ಲಿ ಕಲಿತು, ಒಂದು ಶ್ರಾವಣ ಇಂಡಿಯಲ್ಲಿ, ಮತ್ತೊಂದು ಶ್ರಾವಣ ತಾಳೀಕೋಟಿಯಲ್ಲಿ ಕಳೆದು, ಊರವರು ಮಂಗಲದ ದಿನ ಕೊಟ್ಟ ಧೋತರ ರುಮಾಲುಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ ನೂರಾರು ಜನರ ಹೆಸರನ್ನು ಯಾವ ಇತಿಹಾಸವೂ ಬರೆದಿಲ್ಲ. ಭೀಮಕವಿಗೆ ಓದು ಬಾರದ ಲಕ್ಷಾಂತರ ವಾಚಕರನ್ನು ಒದಗಿಸಿದವರು ಇವರೇ. ‘ವಾಚಕರು’ ಎಂದು ತಿಳಿದೇ ಬರೆದಿದ್ದೇನೆ.

ಬಸವಪುರಾಣವು ಚರಿತ್ರೆಯಲ್ಲ, ಪವಾಡಗಳ ಕಂತೆಯೆಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಶೋಧಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ, ಶರಣರ ಸ್ವಂತ ಮಾತು ಅಚ್ಚಿನಲ್ಲಿ ಕೈಗೆ ಸಿಕ್ಕಿದ ಮೇಲೆ, ನಂದೀಶ್ವರನ ಅವತಾರವೆಂಬ ಕಥೆಗೂ ಬಿಜ್ಜಳನ ಆಸ್ಥಾನದ ಮನುಷ್ಯನಿಗೂ ಇರುವ ಅಂತರವು ಸ್ಪಷ್ಟವಾಯಿತು, ಸಿಂದಗಿ ಸೀಮೆಯ ಮಣ್ಣಿನವರೇ ಆದ ಎಂ. ಎಂ. ಕಲಬುರ್ಗಿಯವರು ಪುರಾಣವನ್ನೂ ಶಾಸನವನ್ನೂ ಬೇರೆಬೇರೆಯಾಗಿ ತೂಗುವ ಶಿಸ್ತನ್ನು ಜೀವಮಾನವೆಲ್ಲ ಎತ್ತಿಹಿಡಿದರು. ಆ ಶಿಸ್ತು ನಮಗೆ ಬೇಕು. ಆದರೆ ವಚನದ ಕಟ್ಟುಗಳು ಮಠದ ಜಂತಿಗಳಲ್ಲಿ ಧೂಳು ಹಿಡಿದಿದ್ದ ಶತಮಾನಗಳಲ್ಲಿ ಮಾಚಿದೇವ, ಅಪ್ಪಣ್ಣ, ಬೊಮ್ಮಯ್ಯ ಎಂಬ ಹೆಸರುಗಳನ್ನು ಮಡಿವಾಳನ, ನಾವಲಿಗನ, ಅಕ್ಕಸಾಲಿಗನ ಕಿವಿಗೆ ಮುಟ್ಟಿಸಿ, ನಿಮ್ಮವನೊಬ್ಬನು ದಂಡನಾಯಕನ ಪಕ್ಕದಲ್ಲಿ ಸರಿಸಮನಾಗಿ ಕುಳಿತಿದ್ದನೆಂದು ಸಾರಿದುದು ಪುರಾಣದ ಹಾಡೇ ಎಂಬುದೂ ಚರಿತ್ರೆಯೇ. ಭೀಮೆಯ ಆಚೆ ದಂಡೆಯ ವಾರಕರಿಗಳು ಪಂಢರಪುರದ ದಾರಿಯಲ್ಲಿ ತಾಳಮೃದಂಗಗಳೊಡನೆ ಹಾಡುತ್ತ ತುಕಾರಾಮನನ್ನು ಉಳಿಸಿಕೊಂಡಿರುವುದೂ ಹೀಗೆಯೇ.

ಈಗ ನನ್ನ ದೂರನ್ನು ಹೇಳಿಬಿಡುತ್ತೇನೆ. ಹಲವು ಕಡೆಗಳಲ್ಲಿ ಪುರಾಣದ ಹೆಸರು ಫಲಕದಲ್ಲಿ ಉಳಿದಿದೆ, ಪುಸ್ತಕವು ವ್ಯಾಸಪೀಠದಿಂದ ಇಳಿದಿದೆ. ಪ್ರವಚನಕಾರರು ನಗೆಚಾಟಿಕೆಗಳಲ್ಲಿಯೂ ಸಂಸಾರನೀತಿಯಲ್ಲಿಯೂ ಒಂದು ತಾಸು ಕಳೆಯುತ್ತಾರೆ. ನಡುವೆ ಅವರು ನೀರು ಕುಡಿಯುವಷ್ಟು ಹೊತ್ತು ಗವಾಯಿಗೆ ಅವಕಾಶವು ದೊರೆಯುತ್ತದೆ. ಅವನು ಆ ಅಲ್ಪಕಾಲದಲ್ಲಿ ಸಭೆಯನ್ನು ಹಿಡಿದಿಡಬೇಕಾದುದರಿಂದ ಸಿನಿಮಾ ಧಾಟಿಯ ಭಕ್ತಿಗೀತೆಯೊಂದನ್ನು ಎತ್ತಿಕೊಳ್ಳುತ್ತಾನೆ. ತಪ್ಪು ಅವನದಲ್ಲ. ಷಟ್ಪದಿಯನ್ನು ಹಾಡೆಂದು ಅವನನ್ನು ಕೇಳಿದವರಾರು? ಧ್ವನಿವರ್ಧಕವು ಮೂರೂರಿಗೆ ಕೇಳುವಂತಿದೆ. ಅದರಲ್ಲಿ ಭೀಮಕವಿಯ ಒಂದು ಪಾದವೂ ಕೇಳಿಸದಿದ್ದರೆ ಅದನ್ನು ಬಸವಪುರಾಣವೆಂದು ಕರೆಯುವುದು ಹೇಗೆ? ಕಥೆಯ ಸಾರಾಂಶ ಮಕ್ಕಳ ಪುಸ್ತಕದಲ್ಲಿಯೂ ಸಿಕ್ಕುತ್ತದೆ. ಮಠಕ್ಕೆ ಬಂದವನು ಕೇಳಬೇಕಾದುದು ಕವಿಯ ಮಾತನ್ನು, ಕವಿಯ ಲಯದಲ್ಲಿ. ಕ್ರಿ. ಶ. 945ರಲ್ಲಿಯೇ ಇಂಡಿಯ ಬಳಿಯ ಸಾಲೋಟಗಿಯಲ್ಲಿ ದೂರದೂರದ ದೇಶಗಳ ವಿದ್ಯಾರ್ಥಿಗಳಿಗೆ ಶಾಲೆ ನಡೆಸಿ, ಅದಕ್ಕೆ ಮನೆ ಭೂಮಿಗಳನ್ನು ಬಿಟ್ಟುಕೊಟ್ಟುದನ್ನು ಕಂಬದ ಮೇಲೆ ಕೆತ್ತಿಸಿದ ಸೀಮೆಯಿದು. ಒಂದು ಪದ್ಯವನ್ನು ಕೇಳುವಷ್ಟು ಸೈರಣೆ ಇಲ್ಲಿನ ಜನರಿಗಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದುದರಿಂದ ನಾಲ್ಕೂ ತಾಲ್ಲೂಕುಗಳ ಮಠಾಧಿಪತಿಗಳಲ್ಲಿಯೂ ಪುರಾಣ ಸಮಿತಿಯ ಹಿರಿಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟು: ಬರುವ ಶ್ರಾವಣದಲ್ಲಿ ಮೂಲ ಗ್ರಂಥವನ್ನು ಮತ್ತೆ ವ್ಯಾಸಪೀಠದ ಮೇಲಿಡಿರಿ, ಪ್ರತಿ ಸಂಜೆ ಕನಿಷ್ಠ ಐದು ಷಟ್ಪದಿಗಳನ್ನಾದರೂ ಗವಾಯಿಗಳು ರಾಗತಾಳಗಳಲ್ಲಿ ಹಾಡಿದ ಅನಂತರವೇ ಶಾಸ್ತ್ರಿಗಳು ಅರ್ಥ ಹೇಳುವಂತೆ ಏರ್ಪಡಿಸಿರಿ, ಅಂದಿನ ಪದ್ಯಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಶಾಲೆಯ ಹುಡುಗ ಹುಡುಗಿಯರ ಕೈಗೆ ಕೊಡಿರಿ. ಮಂಗಲದ ದಿನ ಶಾಸ್ತ್ರಿಗಳಿಗೆ ಹೊದಿಸುವ ಶಾಲಿನ ಬೆಲೆಗೂ ಗವಾಯಿಗೆ ಹೊದಿಸುವ ಶಾಲಿನ ಬೆಲೆಗೂ ಅಂತರವಿಡಬೇಡಿರಿ.