ಅಂಕ ಬಂದ ಮೇಲೆ ಪಂಪು ಯಾರದು?

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಿನ ಜೊತೆಗೆ ಸಮಾಜಮುಖಿ ಕೆಲಸ ಮಾಡಿ 100 ‘ಆಕ್ಟಿವಿಟಿ ಪಾಯಿಂಟ್’ ಗಳಿಸಬೇಕೆಂಬುದು ಎಐಸಿಟಿಇ ತಂದ ನಿಯಮ. ವಿಟಿಯು ಕಾಲೇಜುಗಳ ಮಕ್ಕಳಿಗೆಲ್ಲ ಇದು ಗೊತ್ತು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಸಸಿ ನೆಟ್ಟು ವರದಿ ಕೊಟ್ಟರೆ ಅಂಕ ಸಿಗುತ್ತದೆ, ಆ ಸಸಿ ಮುಂದಿನ ಬೇಸಿಗೆ ದಾಟಿತೇ ಎಂದು ಕೇಳುವವರು ಕಡಿಮೆ. ಸಸಿಯನ್ನು ಯಾರು ಬೇಕಾದರೂ ನೆಡಬಹುದು. ಎಂಜಿನಿಯರ್ ಆಗಲಿರುವವರು ಮಾತ್ರ ಮಾಡಬಲ್ಲ ಸೇವೆ ಯಾವುದು?

ಇದಕ್ಕೆ ಉತ್ತರ ಹುಡುಕಲು ಪುಣೆಗಿಂತ ಒಳ್ಳೆಯ ಊರಿಲ್ಲ. ಲೋಕೋಪಯೋಗಿ ಕೆಲಸಗಳಿಗೆ ಸಿಬ್ಬಂದಿಯನ್ನು ತಯಾರು ಮಾಡಲು 1854ರಲ್ಲಿ ಅಲ್ಲಿ ಆರಂಭವಾದ ತರಗತಿಯೇ ಮುಂದೆ ಕಾಲೇಜ್ ಆಫ್ ಸೈನ್ಸ್ ಆಯಿತು. ಇಂದಿನ ಸಿಒಇಪಿ ಅದೇ ಸಂಸ್ಥೆ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನಿಂದ ಅಲ್ಲಿಗೆ ಹೋದ ಎಂ. ವಿಶ್ವೇಶ್ವರಯ್ಯ 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅವರ ಹೆಸರು ಬಂದಾಗಲೆಲ್ಲ ನಾವು ಕನ್ನಂಬಾಡಿಗೆ ಹೋಗಿಬಿಡುತ್ತೇವೆ. ಪುಣೆ ಸೀಮೆಯಲ್ಲಿ ಅವರು ಮಾಡಿದ್ದು ನನಗೆ ಅದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ನೀರಾ ನಾಲೆಯ ಬಯಲನ್ನೇ ನೋಡಿ. ನಾಲೆಯ ಮೇಲ್ಭಾಗದವರು ಕಬ್ಬಿಗೆ ಬೇಕಾದಷ್ಟು ನೀರು ಬಿಟ್ಟುಕೊಂಡರೆ ಅವರ ಭೂಮಿ ಜೌಗಾಗುತ್ತದೆ, ಕೊನೆಯ ಹಳ್ಳಿಗಳು ಒಣಗುತ್ತವೆ. ವಿಶ್ವೇಶ್ವರಯ್ಯ ಅಲ್ಲಿ ತಂದದ್ದು ಬ್ಲಾಕ್ ಪದ್ಧತಿ. ನೀರಾವರಿಯನ್ನು ಒಂದೊಂದು ಹಳ್ಳಿಯಲ್ಲಿ ಗೊತ್ತಾದ ಬ್ಲಾಕುಗಳಿಗೆ ಸೀಮಿತಗೊಳಿಸುವುದು, ಬ್ಲಾಕಿನೊಳಗೆ ಹೆಚ್ಚು ನೀರು ಕುಡಿಯುವ ಬೆಳೆಯನ್ನೂ ಕಡಿಮೆ ನೀರಿನ ಬೆಳೆಯನ್ನೂ ಸರದಿಯಲ್ಲಿ ತಿರುಗಿಸುವುದು. ಆಗ ಅದೇ ನೀರು ಹೆಚ್ಚು ಹಳ್ಳಿಗಳಿಗೆ ಸಲ್ಲುತ್ತದೆ, ಮಣ್ಣಿಗೂ ಉಸಿರಾಡಲು ಬಿಡುವು ಸಿಗುತ್ತದೆ. ನಾವು ಇಂದು ‘ಸುಸ್ಥಿರ ಅಭಿವೃದ್ಧಿ’ ಎನ್ನುವುದು ಇದನ್ನೇ. ಇದಕ್ಕೆ ಹೊಸ ಅಣೆಕಟ್ಟು ಬೇಕಾಗಲಿಲ್ಲ, ನೀರು ಹಂಚುವ ಲೆಕ್ಕ ಬೇಕಾಯಿತು.

ಖಡಕ್‌ವಾಸ್ಲಾದಲ್ಲೂ ಹಾಗೆಯೇ. ಅಣೆಕಟ್ಟೆಯನ್ನು ಎತ್ತರಿಸದೆ, 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಗೇಟುಗಳು ತಾವೇ ತೆರೆಯುತ್ತಿದ್ದವು, ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಇದ್ದದ್ದರಲ್ಲೇ ಹೆಚ್ಚು ಒದಗಿಸುವ ಈ ಬುದ್ಧಿಯನ್ನು ನಮ್ಮ ಪ್ರಾಜೆಕ್ಟ್ ಮೇಷ್ಟರುಗಳು ಕಲಿಸಬೇಕು.

ಆದರೆ ಜನರನ್ನು ಕೇಳದ ಲೆಕ್ಕ ತಪ್ಪುತ್ತದೆ. ಇದನ್ನು ಚೆನ್ನಾಗಿ ತಿಳಿಯಲು ಪುಣೆಯಿಂದ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಗೆ ಬರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ಅಲ್ಲಿ ಸಗಣಿಯಿಂದ ಅಡುಗೆ ಅನಿಲ ಕೊಡಲು ಹೊರಟಿತು. ಊರಿಗೆಲ್ಲ ಸಾಲುವಷ್ಟು ಸಗಣಿ ಇರಲಿಲ್ಲ. ಮೇಲಾಗಿ ಹೆಂಗಸರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ತಂಡ ಯೋಜನೆಯನ್ನೇ ತಿರುಗಿಸಿತು. ಅನಿಲದಿಂದ ಎಂಜಿನ್ ಓಡಿಸಿ, ನೀರೆತ್ತಿ ಮನೆಗಳ ಹತ್ತಿರದ ನಲ್ಲಿಗಳಿಗೆ ಬಿಟ್ಟು, ದೀಪ ಹಚ್ಚಿತು. ಸಗಣಿ ಕೊಟ್ಟವರಿಗೆ ಗೊಬ್ಬರವಾಗಿ ರಾಡಿ ಮರಳಿ ಸಿಗುತ್ತಿತ್ತು. ಯಂತ್ರ ನೋಡಿಕೊಳ್ಳಲು ಊರಿನ ಹುಡುಗರೇ ಕಲಿತರು. ವಿಜ್ಞಾನಿಗಳು ತಮ್ಮ ಮೊದಲ ಯೋಜನೆಯನ್ನು ಬಿಟ್ಟುಕೊಟ್ಟ ಈ ಘಳಿಗೆಯನ್ನು ನಾನು ಅವರ ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ಇಂದಿನ ಪುಣೆಯ ವಿದ್ಯಾರ್ಥಿಗೂ ಇಂಥ ಕೆಲಸ ಕಾಲೇಜಿನ ಗೇಟಿನಾಚೆಗೇ ಕಾದಿದೆ. ಸಸ್ಯವಿಜ್ಞಾನಿ ಆನಂದ ಕರ್ವೆ ಸ್ಥಾಪಿಸಿದ ‘ಆರ್ತಿ’ ಸಂಸ್ಥೆ ಸಗಣಿಯ ಬದಲು ಅಡುಗೆಮನೆಯ ಪಿಷ್ಟಭರಿತ ತ್ಯಾಜ್ಯ ತಿನ್ನುವ ಪುಟ್ಟ ಅನಿಲ ಘಟಕವನ್ನು ರೂಪಿಸಿ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಇಂಥ ಘಟಕಕ್ಕೆ ಹಸಿ ಕಸ ಬೇರೆಯಾಗಿ ಬರಬೇಕು. ಅದನ್ನು ಮನೆಮನೆಯಿಂದ ತರುವವರು ಚಿಂದಿ ಆಯುವವರು. ಅವರು 1993ರಲ್ಲಿ ಸಂಘ ಕಟ್ಟಿಕೊಂಡರು, ಮುಂದೆ ತಮ್ಮದೇ ಸಹಕಾರಿ ‘ಸ್ವಚ್’ ಮೂಲಕ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕಸ ಸಂಗ್ರಹಿಸುತ್ತಿದ್ದಾರೆ. ಅವರ ತಳ್ಳುಗಾಡಿಯ ಹಿಡಿಕೆ ಯಾವ ಎತ್ತರದಲ್ಲಿದ್ದರೆ ಬೆನ್ನು ನೋಯದು, ಕಸ ವಿಂಗಡಿಸುವ ಜಾಗಕ್ಕೆ ಗಾಳಿ ಬೆಳಕು ಹೇಗೆ ತರುವುದು, ಮಳೆಗಾಲದಲ್ಲಿ ಕಾಗದ ನೆನೆಯದಂತೆ ಎಲ್ಲಿಡುವುದು – ಒಂದೊಂದೂ ಒಂದು ಒಳ್ಳೆಯ ಪ್ರಾಜೆಕ್ಟ್. ಅಳತೆ ತೆಗೆಯಬೇಕು, ಮಾದರಿ ಮಾಡಬೇಕು, ಗಾಡಿ ತಳ್ಳುವ ಹೆಂಗಸು ಬೇಡವೆಂದರೆ ಮತ್ತೆ ಮಾಡಬೇಕು.

ತೊಡಕಿರುವುದು ಕಾಲದಲ್ಲಿ. ವಿದ್ಯಾರ್ಥಿ ನಾಲ್ಕನೇ ವರ್ಷ ಮುಗಿಸಿ ಹೊರಡುತ್ತಾನೆ, ಅವನು ಹಾಕಿದ ಪಂಪು ಐದನೇ ವರ್ಷ ಕೆಡುತ್ತದೆ. ಹಾಗಾಗಿ ಕಾಲೇಜು ಅಂಕ ಕೊಡುವ ಬಗೆಯನ್ನೇ ಬದಲಿಸಬೇಕು. ಉದ್ಘಾಟನೆಯ ದಿನ ಅರ್ಧ ಅಂಕ ಸಾಕು. ಉಳಿದರ್ಧ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದ ಮೇಲೂ ಅದು ನಡೆಯುತ್ತಿದ್ದರೆ ಮಾತ್ರ. ಎರಡನೇ ವರ್ಷದಲ್ಲಿ ಕೈಹಾಕಿದರೆ ಇದು ಕಷ್ಟವಲ್ಲ. ರಿಪೇರಿಯ ಪುಸ್ತಕವನ್ನು ಊರಿನ ಭಾಷೆಯಲ್ಲೇ ಬರೆದು, ಕಿರಿಯ ವಿದ್ಯಾರ್ಥಿಗಳ ತಂಡಕ್ಕೂ ಊರಿನ ಒಬ್ಬ ಮೆಕ್ಯಾನಿಕ್‌ಗೂ ಒಪ್ಪಿಸಿದ ದಿನ ಆ ಬಾಕಿ ಅಂಕ ಸಲ್ಲಲಿ.