ಹುತ್ತದ ಅಣಬೆಯ ಕುಲವೂ ಒಕ್ಕಲಿಗನ ಹಣವೂ

ಮುಂಗಾರು ಮಳೆ ಬಿದ್ದು ನೆಲವು ತಣಿದ ಬಳಿಕ ಹೊಲದ ಬದುಗಳಲ್ಲಿಯೂ ಹುತ್ತಗಳ ಸುತ್ತಲೂ ಬಿಳಿಯ ಅಣಬೆಗಳು ಏಳುವದನ್ನು ಮಂಠಾಳ ಹೋಬಳಿಯ ಒಕ್ಕಲಿಗರೆಲ್ಲರೂ ಬಲ್ಲರು. ನಾನು ಈ ಹೋಬಳಿಯಲ್ಲಿ ಸಂಚರಿಸುತ್ತಿದ್ದಾಗ ಪಾಟೀಲರೊಬ್ಬರು, “ಸಾಹೇಬರೇ, ಹುತ್ತದ ಅಣಬೆಯ ಬೀಜವನ್ನೂ, ಯುರೋಪಿನಲ್ಲಿ ಬಹಳ ಬೆಲೆಗೆ ಮಾರುವ ಟ್ರಫಲ್ ಎಂಬುದರ ಬೀಜವನ್ನೂ ಕೊಡುವೆವೆಂದು ಮುಂಗಡ ಕೇಳುತ್ತಿದ್ದಾರೆ. ಎರಡು ಎಕರೆ ಬಿಟ್ಟು ನೋಡಬಹುದೋ?” ಎಂದು ಕೇಳಿದರು. ಹಣವನ್ನು ಕೊಡಕೂಡದೆಂದು ಉತ್ತರವಿತ್ತೆನು. ಅದರ ಕಾರಣವನ್ನು ಉಳಿದ ಗ್ರಾಮಗಳ ಹಿರಿಯರೂ ತಿಳಿದಿರುವದು ಯುಕ್ತವೆಂದು ಇಲ್ಲಿ ಬರೆಯುತ್ತೇನೆ.

ಹೋರಿಯನ್ನು ಕೊಳ್ಳುವಾಗ ನಾವು ಬಣ್ಣವೊಂದನ್ನೇ ನೋಡುವದಿಲ್ಲ; ಅದು ಶುದ್ಧ ದೇವಣಿಯೋ ಬೆರಕೆಯೋ ಎಂದು ವಿಚಾರಿಸುತ್ತೇವೆ. ಅಣಬೆಗಳ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲತಕ್ಕದ್ದು. ಟ್ರಫಲ್ ನೆಲದೊಳಗೆ ಗಡ್ಡೆಯಂತೆ ಬೆಳೆಯುವ ಶಿಲೀಂಧ್ರದ ಫಲ. ಅದು ತನ್ನ ಬೀಜಕಣಗಳನ್ನು ಅತಿ ಸಣ್ಣ ಚೀಲಗಳೊಳಗೆ ಹೊಂದಿರುತ್ತದೆ. ಕಾಶ್ಮೀರದ ಗುಚ್ಛಿಯು ಅದರ ದಾಯಾದಿ. ನಮ್ಮ ಹುತ್ತದ ಅಣಬೆಯಾದರೋ ಗದೆಯ ಆಕಾರದ ಸೂಕ್ಷ್ಮ ಕೋಶಗಳ ತುದಿಯಲ್ಲಿ ಬೀಜಕಣಗಳನ್ನು ಹೊರುವ ಬೇರೊಂದು ಮಹಾಕುಲಕ್ಕೆ ಸೇರಿದುದು. ದಕ್ಷಿಣ ಕನ್ನಡದವರು ಮಳೆಗಾಲದ ಆರಂಭದಲ್ಲಿ ನೆಲದಿಂದ ತೆಗೆದು ತಿನ್ನುವ ಕಲ್ಲಣಬೆಯು ಟ್ರಫಲಿನಂತೆಯೇ ಗುಂಡಾಗಿದ್ದರೂ ಈ ಎರಡನೆಯ ಕುಲದ್ದೇ. ಹೀಗೆ ರೂಪವು ಒಂದಾದರೂ ವಂಶವು ಬೇರೆಯಾಗಿರಬಹುದು.

ಒಂದೇ ವಂಶದೊಳಗೂ ಮೋಸ ಹೋಗುವದುಂಟು. ಹಿಮಾಲಯದಿಂದ ದೊರೆತ ಒಂದು ಕಪ್ಪು ಟ್ರಫಲಿಗೆ 1892ರಲ್ಲಿ ಭಾರತದ ಹೆಸರನ್ನೇ ಸೇರಿಸಿ ಶಾಸ್ತ್ರೀಯ ನಾಮವನ್ನಿಟ್ಟರು. ಈ ಜಾತಿಯು ಚೀನಾದಿಂದ ಯುರೋಪಿನ ಪೇಟೆಗೆ ಹೋಗುತ್ತದೆ. ಕಣ್ಣಿಗೆ ಅಲ್ಲಿಯ ಉತ್ತಮ ಕಪ್ಪು ಟ್ರಫಲಿನಂತೆಯೇ ಕಾಣುವದಾದರೂ ಪರಿಮಳವು ಕಡಿಮೆ, ಬೆಲೆಯೂ ಕಡಿಮೆ. ಉತ್ತಮ ಜಾತಿಗೆಂದು ಇಟಲಿಯಲ್ಲಿ ಬೆಳೆಸಿದ ಒಂದು ತೋಪಿನ ಮರದ ಬೇರುಗಳಲ್ಲಿ ಈ ಅಗ್ಗದ ಜಾತಿಯೇ ನೆಲೆಸಿದ್ದಿತೆಂದು 2008ರಲ್ಲಿ ಪ್ರಕಟವಾಯಿತು. ಅದನ್ನು ತೋರಿಸಿಕೊಟ್ಟದ್ದು ಡಿಎನ್ಎ ಪರೀಕ್ಷೆಯೇ. ಉತ್ತಮ ಜಾತಿಯ ಸಮಗ್ರ ವಂಶಲಿಪಿಯು 2010ರಲ್ಲಿ ಪ್ರಕಟವಾಗಿ, ಅದರಲ್ಲಿ ಸುಮಾರು 7,500 ವಂಶವಾಹಿಗಳಿವೆಯೆಂದು ತಿಳಿದುಬಂದಿತು. ಒಂದಕ್ಕೊಂದು ಹೊಂದುವ ಎರಡು ಲಿಂಗಭೇದದ ತಂತುಗಳು ಕೂಡದೆ ಟ್ರಫಲ್ ಫಲಿಸುವದಿಲ್ಲವೆಂಬುದೂ ಸ್ಥಿರಪಟ್ಟಿತು. ಇದಲ್ಲದೆ ಅದಕ್ಕೆ ಓಕ್, ಹೇಜಲ್ ಮುಂತಾದ ಮರಗಳ ಜೀವಂತ ಬೇರಿನ ಸಂಗವು ಬೇಕು. ತೊಗರಿಯ ಹೊಲದಲ್ಲಿ ಚೆಲ್ಲಿ ಬೆಳೆಯತಕ್ಕ ಬೀಜವು ಇದಲ್ಲ.

ಹುತ್ತದ ಅಣಬೆಯ ಕಥೆಯು ಇನ್ನೂ ವಿಚಿತ್ರವಾದುದು. ಗೆದ್ದಲು ಹುಳುಗಳು ಒಣ ಕಡ್ಡಿ, ಸೊಪ್ಪು, ಕಣಕಿಗಳನ್ನು ತಿಂದು, ತಮ್ಮ ಮಲದಿಂದ ಹುತ್ತದೊಳಗೆ ಜೇನುಹುಟ್ಟಿಯಂಥ ತೋಟವನ್ನು ಕಟ್ಟಿ, ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಈ ಒಕ್ಕಲುತನವು ಆಫ್ರಿಕ ಖಂಡದಲ್ಲಿ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಒಂದೇ ಸಲ ಆರಂಭವಾಯಿತೆಂದು ವಂಶಪರೀಕ್ಷೆಯಿಂದ ಕಂಡುಬಂದಿದೆ. ಆ ಮೂಲದಿಂದ ಇಳಿದ ಜಾತಿಗಳಲ್ಲಿ ಒಂದಾದರೂ ಗೆದ್ದಲನ್ನು ಬಿಟ್ಟು ಸ್ವತಂತ್ರವಾಗಿ ಬಾಳಲು ಮರಳಿಲ್ಲ. ಅಷ್ಟು ಕಾಲದಿಂದ ಬಂದ ನಂಟನ್ನು ಒಂದು ಚೀಲ ಬೀಜದಿಂದ ಬಿಡಿಸುವೆನೆನ್ನುವವನ ಮಾತನ್ನು ನಂಬುವದು ಹೇಗೆ?

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಒಂದನೆಯದಾಗಿ, ಟ್ರಫಲಿನದಾಗಲಿ ಹುತ್ತದ ಅಣಬೆಯದಾಗಲಿ ಬೀಜವೆಂದು ಹೇಳಿ ಕೇಳುವ ಮುಂಗಡವನ್ನು ಯಾರೂ ಕೊಡಬಾರದು. ಅಣಬೆ ಬೆಳೆಯುವ ಆಸೆಯಿದ್ದವರು ಚಿಪ್ಪು ಅಣಬೆಯನ್ನು ಬೆಳೆಯಲಿ. ಅದು ಸತ್ತ ಹುಲ್ಲನ್ನೇ ಉಂಡು ಬೆಳೆಯುವ ಜಾತಿಯಾದುದರಿಂದ ಕಣಕಿ, ಗೋದಿಯ ಹುಲ್ಲುಗಳ ಮೇಲೆ ಮನೆಯೊಳಗೇ ಆಗುತ್ತದೆ. ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದ ಬಳಿಕವೇ ಬೀಜಕ್ಕೆ ಹಣ ಹಾಕತಕ್ಕದ್ದು. ಎರಡನೆಯದಾಗಿ, ಬದುವಿನ ಹುತ್ತಗಳನ್ನು ಕಾರಣವಿಲ್ಲದೆ ಅಗೆದು ಸಮಮಾಡಬಾರದು. ಗೆದ್ದಲು ಕಬ್ಬಿನ ಬೀಜದ ತುಂಡುಗಳನ್ನು ಕೆಡಿಸುವದು ಸತ್ಯ. ಅಂಥ ಹೊಲದಲ್ಲಿ ಅದನ್ನು ತಡೆಯಲೇಬೇಕು. ಆದರೆ ಬೆಳೆಯಿಲ್ಲದ ಬದುವಿನಲ್ಲಿ ಹುತ್ತವನ್ನು ಕೆಡಿಸಿದರೆ ಅಣಬೆಯ ಬೇರನ್ನೇ ಕಿತ್ತಂತೆ. ಮೂರನೆಯದಾಗಿ, ಗುರುತು ತಿಳಿಯದ ಅಣಬೆಯನ್ನು ತಿನ್ನಬಾರದು, ಮಕ್ಕಳಿಗೂ ತಿನ್ನಗೊಡಬಾರದು. ತಿನ್ನುವ ಅಣಬೆಯನ್ನು ಹೋಲುವ ವಿಷದ ಅಣಬೆಗಳುಂಟು. ಒಂದೇ ಮನೆತನದೊಳಗೂ ಅಮೃತವೂ ವಿಷವೂ ಹುಟ್ಟುವವು.

ಗ್ರಾಮದ ಹಿರಿಯರ ಮಾತಿಗೆ ಊರಿನಲ್ಲಿ ತೂಕವುಂಟು. ಮುಂದಿನ ಮಳೆಗೆ ಮುಂಚೆ ಅವರು ಈ ಮೂರು ಸಂಗತಿಗಳನ್ನು ಚಾವಡಿಯಲ್ಲಿ ಹೇಳಿದರೆ ಒಕ್ಕಲಿಗನ ಹಣವೂ ಪ್ರಾಣವೂ ಉಳಿದಾವೆಂದು ವಿನಂತಿಸುತ್ತೇನೆ.